ಧಾನ್ಯದ ಪೂರ್ವಾಶ್ರಯ

ಪೂರ್ವಾಶ್ರಯ ಎಂಬ ಪದಕ್ಕೆ ಶರಣಧರ್ಮದಲ್ಲಿ ಖಚಿತವಾದ ಅರ್ಥವಿದೆ. ಲಿಂಗದೀಕ್ಷೆ ಪಡೆಯುವುದಕ್ಕೆ ಮೊದಲು ಒಬ್ಬನಿಗಿದ್ದ ಕುಲ, ಕಸುಬು, ಹುಟ್ಟಿದ ಮನೆ ಎಲ್ಲವೂ ಸೇರಿ ಅವನ ಪೂರ್ವಾಶ್ರಯ ಎನಿಸಿಕೊಳ್ಳುತ್ತವೆ. ದೀಕ್ಷೆಯಾದ ಮೇಲೆ ಅದನ್ನು ಕೆದಕಿ ಕೇಳುವುದು ಭಕ್ತನಿಗೆ ಎಸಗುವ ಅಪಚಾರವೆಂದು ಹನ್ನೆರಡನೆಯ ಶತಮಾನದ ಶರಣರು ಬಗೆದರು. ಇದೇ ವಿಚಾರವನ್ನು ಅವರು ಉಣ್ಣುವ ವಸ್ತುವಿಗೂ ಚಾಚಿದರು. ಲಿಂಗಕ್ಕೆ ಅರ್ಪಿತವಾಗುವ ತನಕ ಅನ್ನವು ಪದಾರ್ಥ, ಅರ್ಪಿತವಾದ ಗಳಿಗೆಯಿಂದ ಅದು ಪ್ರಸಾದ. ಪ್ರಸಾದವಾದುದಕ್ಕೆ ಹಿಂದಿನ ಹೆಸರಿಲ್ಲ, ಹಿಂದಿನ ಊರಿಲ್ಲ. ಆದರೆ ಕನ್ನಡದಲ್ಲಿ ಇದಕ್ಕಿಂತ ಹಳೆಯದಾದ, ಮೇಲುನೋಟಕ್ಕೆ ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಮಾತಿದೆ. ಅದು ಜೋಳವಾಳಿ, ಅಂದರೆ ಯಾರ ಜೋಳವನ್ನು ಉಂಡೆವೋ ಅವರ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸಬೇಕೆಂಬ ಕಟ್ಟು. ವೀರರ ಶಾಸನಗಳು ಈ ಮಾತನ್ನು ಬಳಸಿವೆ. ಹತ್ತನೆಯ ಶತಮಾನದ ಪಂಪನ ಕಾವ್ಯದಲ್ಲಿ ಕರ್ಣನು ದುರ್ಯೋಧನನನ್ನು ಬಿಟ್ಟು ಬಾರದೆ ನಿಲ್ಲುವ ನಿಷ್ಠೆಯನ್ನು ವಿದ್ವಾಂಸರು ಈ ಜೋಳದ ಋಣದ ಬೆಳಕಿನಲ್ಲಿಯೇ ಅರ್ಥ ಮಾಡುತ್ತ ಬಂದಿದ್ದಾರೆ. ಒಂದು ಮಾತು ಮೂಲವನ್ನು ಕೇಳಬೇಡ ಎನ್ನುತ್ತದೆ, ಇನ್ನೊಂದು ಕೊಟ್ಟವರನ್ನು ಮರೆಯಬೇಡ ಎನ್ನುತ್ತದೆ. ಉಣ್ಣುವ ಜೋಳವೇ ಬೇರೆ ಖಂಡದಿಂದ ಬಂದದ್ದಾದರೆ ಈ ಎರಡು ಮಾತುಗಳಲ್ಲಿ ಯಾವುದನ್ನು ಪಾಲಿಸಬೇಕು ಎಂಬುದು ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಲು ವಿಜಯನಗರ ಜಿಲ್ಲೆಯ ಪಶ್ಚಿಮದ ಅಂಚಿಗಿಂತ ತಕ್ಕ ನೆಲ ಬೇರೊಂದಿಲ್ಲ. ಹೂವಿನಹಡಗಲಿ ತಾಲೂಕಿನ ಇಟ್ಟಿಗಿ ಹೋಬಳಿ, ಅದರ ಸುತ್ತಲಿನ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಇವೆಲ್ಲವೂ ಮಳೆಯನ್ನು ನಂಬಿದ ಒಣಬೇಸಾಯದ ಸೀಮೆ. (ಮಹಾದೇವ ದೇವಾಲಯಕ್ಕೆ ಹೆಸರಾದ ಇಟಗಿ ಕೊಪ್ಪಳ ಜಿಲ್ಲೆಯದು, ಈ ಇಟ್ಟಿಗಿ ಬೇರೆ.) ಇಲ್ಲಿನ ಒಂದು ಸಾಧಾರಣ ಊಟದ ತಟ್ಟೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಅಲಸಂದೆಕಾಳು, ಗುರೆಳ್ಳುಪುಡಿ, ಹುಣಿಸೆಯ ಹುಳಿ ಇರುತ್ತವೆ. ಈ ಐದೂ ಆಫ್ರಿಕಾ ಮೂಲದವೆಂದು ಸಸ್ಯಶಾಸ್ತ್ರ ಹೇಳುತ್ತದೆ. ಜೋಳವನ್ನು ಕಾಡುಹುಲ್ಲಿನಿಂದ ಬೆಳೆಯಾಗಿ ಪಳಗಿಸಿದವರು ಇಂದಿನ ಸುಡಾನಿನ ಪೂರ್ವಭಾಗದಲ್ಲಿ ಸುಮಾರು 5000 ವರ್ಷಗಳ ಹಿಂದೆ ಬಾಳಿದ ಜನ. ಸಜ್ಜೆ ಸಹಾರಾದ ದಕ್ಷಿಣ ಅಂಚಿನ ಮಾಲಿ ದೇಶದ ಕಡೆಯದು. ರಾಗಿ ಇಥಿಯೋಪಿಯಾದಿಂದ ಉಗಾಂಡಾದವರೆಗಿನ ಎತ್ತರದ ನೆಲದ್ದು. ಅಲಸಂದೆ ಆಫ್ರಿಕಾದ ಕಾಳು. ಗುರೆಳ್ಳು ಇಥಿಯೋಪಿಯಾದಲ್ಲಿ ಇಂದಿಗೂ ಮುಖ್ಯವಾದ ಎಣ್ಣೆಕಾಳು. ರೊಟ್ಟಿಗೆ ಪುಂಡಿಪಲ್ಯ ಹೊಂದುತ್ತದೆ ಎಂಬ ಈ ಸೀಮೆಯ ನಾಲಗೆಯ ತೀರ್ಮಾನವನ್ನು ಪಶ್ಚಿಮ ಆಫ್ರಿಕಾದ ನಾಲಗೆಯೂ ಮಾಡಿದೆ. ಅಲ್ಲಿ ಜೋಳ ಸಜ್ಜೆಗಳ ಗಟ್ಟಿ ಮುದ್ದೆಯ ಜೊತೆಗೆ ಪುಂಡಿಯ ಜಾತಿಯ ಹುಳಿಸೊಪ್ಪಿನ ಸಾರನ್ನು ಉಣ್ಣುತ್ತಾರೆ.

ಬೀಜಗಳು ಇಲ್ಲಿಗೆ ಬಂದದ್ದು ನಿನ್ನೆ ಮೊನ್ನೆಯಲ್ಲ. ತುಂಗಭದ್ರೆಯ ದಡದಲ್ಲಿ, ಹಡಗಲಿ ಸೀಮೆಗಿಂತ ಮೇಲ್ಗಡೆ, ಹಾವೇರಿ ಜಿಲ್ಲೆಯ ಹಳ್ಳೂರು ಎಂಬ ನೆಲೆಯಲ್ಲಿ ನಡೆದ ಉತ್ಖನನ ಮತ್ತು ಅನಂತರದ ಸಸ್ಯಾವಶೇಷಗಳ ಅಧ್ಯಯನದಲ್ಲಿ ಸಜ್ಜೆ ಮತ್ತು ಅವರೆಯ ಸುಟ್ಟ ಕಾಳುಗಳು ದೊರೆತಿವೆ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಷ್ಟು ಹಳೆಯ ಈ ಕಾಳುಗಳಲ್ಲಿ ಅವರೆಯೂ ಆಫ್ರಿಕಾದಿಂದ ಬಂದುದೇ. ಅಂದರೆ ಕನ್ನಡದ ಮೊದಲ ಶಾಸನ ಕಲ್ಲಿಗೆ ಇಳಿಯುವ ಮೊದಲೇ, ಇಂದು ಪೂಜೆಗೊಳ್ಳುವ ಎಷ್ಟೋ ದೇವರುಗಳಿಗೆ ಈಗಿನ ಹೆಸರು ಬರುವ ಮೊದಲೇ, ಈ ಹೊಳೆಯ ದಂಡೆಯಲ್ಲಿ ಆಫ್ರಿಕಾದ ಧಾನ್ಯ ಬೇಯುತ್ತಿತ್ತು. ಬೀಜ ದಾಟಿ ಬಂತು, ಅದನ್ನು ಬಿತ್ತಿದವರು ಹೇಳುತ್ತಿದ್ದ ಕಥೆ ಬರಲಿಲ್ಲ. ಹೀಗೆ ಕಥೆಯಿಲ್ಲದೆ ಬಂದ ಧಾನ್ಯಕ್ಕೆ ಈ ನೆಲದ ಜನ ಕಥೆಯನ್ನು ಹೊಸದಾಗಿ ಕಟ್ಟಿಕೊಟ್ಟರು.

ಅಂಥ ಕಥೆಗಳಲ್ಲಿ ಅತ್ಯಂತ ಆಳವಾದದ್ದು ಕನಕದಾಸರ ರಾಮಧಾನ್ಯಚರಿತ್ರೆ. ರಾವಣವಧೆಯ ನಂತರ ಮರಳುವ ರಾಮನಿಗೆ ಮುನಿಗಳು ಬಗೆಬಗೆಯ ಧಾನ್ಯದ ಭಕ್ಷ್ಯಗಳನ್ನು ಬಡಿಸುತ್ತಾರೆ; ಇವುಗಳಲ್ಲಿ ಯಾವುದು ಉತ್ತಮ ಎಂಬ ಮಾತು ಬಂದಾಗ ನರೆದಲೆಗ, ಅಂದರೆ ರಾಗಿ, ಶ್ರೇಷ್ಠವೆಂದು ಗೌತಮರು ಹೇಳುತ್ತಾರೆ; ವ್ರೀಹಿ, ಅಂದರೆ ನೆಲ್ಲು, ಇದರಿಂದ ಕೆರಳಿ ರಾಗಿಯ ಕುಲವನ್ನು ಎತ್ತಿ ಹಳಿಯುತ್ತದೆ. ಬಡವರ, ಕೀಳೆನಿಸಿದವರ ಆಹಾರ ನೀನು ಎಂಬುದು ನೆಲ್ಲಿನ ಆಕ್ಷೇಪವಾದರೆ, ಸಿರಿವಂತರ ಪಕ್ಷಪಾತಿ ನೀನು, ಬರ ಬಂದಾಗ ಜನರನ್ನು ಕಾಯುವವನು ನಾನು ಎಂಬುದು ರಾಗಿಯ ಉತ್ತರ. ತೀರ್ಪು ಕೊಡಬೇಕಾದ ರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಅವಧಿ ಮುಗಿದಾಗ ನೆಲ್ಲು ಸೊರಗಿರುತ್ತದೆ, ರಾಗಿ ಕೆಡದೆ ಉಳಿದಿರುತ್ತದೆ. ರಾಮನು ರಾಘವ ಎಂಬ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಇದು ಜಾತಿಯ ಮೇಲುಕೀಳಿನ ವಿಮರ್ಶೆ ಎಂಬುದನ್ನು ಅನೇಕರು ವಿವರಿಸಿದ್ದಾರೆ, ಆ ಓದು ಸರಿಯಾದದ್ದೇ. ಆದರೆ ಕಥೆಯ ತೀರ್ಪು ಯಾವ ಆಧಾರದ ಮೇಲೆ ನಿಂತಿದೆ ಎಂಬುದಕ್ಕೆ ಇನ್ನಷ್ಟು ಗಮನ ಸಲ್ಲಬೇಕು. ನೆಲ್ಲು ಹುಟ್ಟಿನ ಮಾತೆತ್ತಿದಾಗ ರಾಮನು ರಾಗಿಯ ಹುಟ್ಟು ಉತ್ತಮವೆಂದು ವಾದಿಸುವುದಿಲ್ಲ, ಹುಟ್ಟನ್ನು ಮರೆಯಿರಿ ಎಂದೂ ಹೇಳುವುದಿಲ್ಲ. ಕತ್ತಲಲ್ಲಿ, ಸೆರೆಯಲ್ಲಿ, ಯಾರೂ ನೋಡದ ಕಡೆ ಯಾವುದು ತಾಳಿಕೊಂಡಿತು ಎಂಬುದನ್ನು ಮಾತ್ರ ನೋಡುತ್ತಾನೆ. ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ವರ್ಷಗಟ್ಟಲೆ ಕೆಡದಂತೆ ಇಡಬಹುದೆಂಬ ರೈತನ ಅನುಭವವೇ ಇಲ್ಲಿ ಸೆರೆಮನೆಯ ಪುರಾಣವಾಗಿದೆ. ಹುಟ್ಟಿದೂರಿನ ಬದಲಿಗೆ ಸಹಿಸಿದ್ದನ್ನು ಹೇಳುವ ಇಂಥ ಕಥೆ ಪೂರ್ವಾಶ್ರಯಕ್ಕೂ ಜೋಳವಾಳಿಗೂ ನಡುವೆ ಮೂರನೆಯ ದಾರಿಯೊಂದನ್ನು ತೆರೆಯುತ್ತದೆ.

ಆಫ್ರಿಕಾದಲ್ಲಿ ಧಾನ್ಯಕ್ಕೆ ದೊರೆತ ಪುರಾಣಗಳನ್ನು ಇದರ ಪಕ್ಕದಲ್ಲಿಟ್ಟರೆ ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು ಕಲಿಸುತ್ತದೆ. ಮಾಲಿಯ ಬಂಡೆಗಳ ಸೀಮೆಯಲ್ಲಿ ಬಾಳುವ ಡೋಗೋನ್ ಜನರ ಸೃಷ್ಟಿಕಥೆಯನ್ನು ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಗ್ರಿಯೋಲ್ ಮತ್ತು ಅವರ ಸಂಗಡಿಗರು ದಾಖಲಿಸಿದ ಪ್ರಕಾರ, ಅಮ್ಮಾ ಎಂಬ ಸೃಷ್ಟಿಕರ್ತನು ಜಗತ್ತನ್ನೆಲ್ಲ ‘ಪೊ’ ಎಂಬ ಅತಿ ಸಣ್ಣ ಕಿರುಧಾನ್ಯದ ಒಂದೇ ಕಾಳಿನೊಳಗೆ ಅಡಕಮಾಡಿದ್ದನು; ಆ ದಾಖಲೆಯ ವಿಶ್ವಾಸಾರ್ಹತೆಯನ್ನು ಮುಂದಿನ ಸಂಶೋಧಕರು ಪ್ರಶ್ನಿಸಿದ್ದಾರೆಂಬುದನ್ನೂ ಸೇರಿಸಿಯೇ ಅದನ್ನು ಓದಬೇಕು. ದಕ್ಷಿಣ ಆಫ್ರಿಕಾದ ಜುಲು ಜನರಲ್ಲಿ ನೋಮ್‌ಖುಬುಲ್ವಾನೆ ಎಂಬ ದೇವತೆ ಮಳೆಗೂ ಬೆಳೆಗೂ ಒಡತಿ. ಜೋಳದಿಂದ ಹುದುಗಿಸಿದ ಪೇಯವನ್ನು ಮನೆಯ ಶುಭಕಾರ್ಯಗಳಲ್ಲಿ ಹಿರಿಯರಿಗೆ ಅರ್ಪಿಸುವುದು ಅಲ್ಲಿನ ವಾಡಿಕೆ. ಘಾನಾದ ಅಕಾನ್ ಜನರ ಕಥೆಯಂತೂ ಕಥೆಗಳ ಒಡೆತನದ ಬಗೆಗಿನ ಕಥೆಯೇ ಆಗಿದೆ. ಲೋಕದ ಕಥೆಗಳೆಲ್ಲ ಆಕಾಶದೇವನಾದ ನ್ಯಾಮೆಯ ಸ್ವತ್ತಾಗಿದ್ದವು, ಅನಾನ್ಸಿ ಎಂಬ ಜೇಡನು ಹೆಬ್ಬಾವು, ಚಿರತೆ, ಕಣಜದ ಹುಳು ಮೊದಲಾದವನ್ನು ಉಪಾಯದಿಂದ ಹಿಡಿದು ತಂದು ಬೆಲೆಯಾಗಿ ಒಪ್ಪಿಸಿ ಅವನ್ನು ಭೂಮಿಗೆ ತಂದನು. ಅಕಾನ್ ಕಥೆಗಾರನು ತಾನು ಹೇಳಲಿರುವುದು ನಿಜವೆಂದು ಭಾವಿಸಬೇಡಿ ಎಂದು ಮೊದಲೇ ಕೇಳುಗರಿಗೆ ತಿಳಿಸಿ ಕಥೆಯನ್ನು ಆರಂಭಿಸುವ ಪದ್ಧತಿಯಿದೆ. ದೇವರನ್ನೂ ದೊರೆಯನ್ನೂ ನಗುವಿನ ಪಾತ್ರವಾಗಿಸುವ ಸ್ವಾತಂತ್ರ್ಯವನ್ನು ಆ ಒಂದು ಮಾತು ಕೇಳುಗರಿಗೂ ಹೇಳುಗನಿಗೂ ಗಳಿಸಿಕೊಡುತ್ತದೆ.

ಹಡಗಲಿ ಸೀಮೆಯ ಮೈಲಾರದಲ್ಲಿ ಮಾತು ಹುಟ್ಟುವ ಬಗೆ ಇದಕ್ಕೆ ತೀರ ಬೇರೆ. ಶಿವನು ಮೈಲಾರಲಿಂಗನಾಗಿ ಏಳು ಕೋಟಿ ಗಣಗಳೊಡನೆ ಬಂದು ಮಣಿಕಾಸುರ ಮಲ್ಲಾಸುರರನ್ನು ಕೊಂದನೆಂಬುದು ಕ್ಷೇತ್ರದ ಪುರಾಣ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿ ಎಂಬ ದಿಬ್ಬದಲ್ಲಿ, ಉಪವಾಸವಿದ್ದ ಗೊರವಯ್ಯನು, ಅಂದರೆ ಮೈಲಾರಲಿಂಗನ ಒಕ್ಕಲಿನವನು, ಎತ್ತರದ ಬಿಲ್ಲನ್ನು ಏರಿ, ಸದ್ದಡಗಿಸುವ ಒಂದು ಕೂಗಿನಿಂದ ಲಕ್ಷಾಂತರ ಜನರನ್ನು ಮೌನವಾಗಿಸಿ, ಒಂದೇ ಸಾಲಿನ ಭವಿಷ್ಯವಾಣಿಯನ್ನು ನುಡಿದು ಮೇಲಿನಿಂದ ಬೀಳುತ್ತಾನೆ. ಈ ನುಡಿಗೆ ಕಾರ್ಣಿಕ ಎಂದು ಹೆಸರು. ಗೊರವಯ್ಯನು ಅದರ ಅರ್ಥವನ್ನು ಹೇಳುವುದಿಲ್ಲ. ಅರ್ಥ ಕಟ್ಟುವ ಕೆಲಸ ಮನೆಗೆ ಮರಳುವ ಜನರದು. 2023ರ ಕಾರ್ಣಿಕ ಅಂಬಲಿ ಹಳಸಿದ್ದನ್ನೂ ಕಂಬಳಿ ಬೀಸಿದ್ದನ್ನೂ ನುಡಿಯಿತು. ಚುನಾವಣೆಯ ವರ್ಷವಾದ್ದರಿಂದ ಕಂಬಳಿಯನ್ನು ಕುರುಬ ಸಮುದಾಯದ ಗುರುತಾಗಿ ಹಿಡಿದು ರಾಜಕೀಯದ ಅರ್ಥ ಮಾಡಿದವರಿದ್ದರು. ಅಂಬಲಿಯೆಂದರೆ ಜೋಳ ಅಥವಾ ರಾಗಿಯ ಹಿಟ್ಟನ್ನು ತೆಳುವಾಗಿ ಕಾಸಿ, ಒಂದು ರಾತ್ರಿ ಹುಳಿಬರಿಸಿ, ಮಜ್ಜಿಗೆ ಬೆರೆಸಿ ಕುಡಿಯುವ ಗಂಜಿ. ಅದು ಹುಳಿಯಾಗುವುದು ಗುಣ, ಹಳಸುವುದು ಕೇಡು, ಇವೆರಡರ ನಡುವಿನ ಅಂತರ ಬೇಸಿಗೆಯಲ್ಲಿ ಕೆಲವೇ ಗಂಟೆಗಳದು. ಕೀನ್ಯಾದಲ್ಲಿ ಉಜಿ ಎಂದು ಕರೆಯುವ ಗಂಜಿಯನ್ನು ಹುಳಿಬರಿಸುವ ತಾಯಂದಿರೂ ಇದೇ ಅಂತರವನ್ನು ಮೂಗಿನಿಂದಲೇ ಅಳೆಯುತ್ತಾರೆ. ದೇವರ ನುಡಿ ಬೇರೆಲ್ಲ ಪ್ರತಿಮೆಗಳನ್ನು ಬಿಟ್ಟು ಅಡುಗೆಮನೆಯ ಈ ಸೂಕ್ಷ್ಮವಾದ ಗಳಿಗೆಯನ್ನು ಆರಿಸಿಕೊಂಡದ್ದು ಈ ಸೀಮೆಯ ಧರ್ಮದ ಸ್ವಭಾವವನ್ನೇ ತೋರಿಸುತ್ತದೆ. ಇಲ್ಲಿ ಕಾಲ ಕೆಟ್ಟಿತೆಂಬುದು ಗಡಿಗೆಯ ವಾಸನೆಯಿಂದ ತಿಳಿಯುತ್ತದೆ.

ಕಾರ್ಣಿಕವನ್ನು ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಇಫಾ ಪದ್ಧತಿಯೊಂದಿಗೆ ಹೋಲಿಸುವುದು ಫಲಪ್ರದ. ಇಫಾದಲ್ಲಿ 256 ಸಂಕೇತಗಳಿದ್ದು, ಒಂದೊಂದಕ್ಕೂ ಹಲವಾರು ಕಥನಪದ್ಯಗಳು ಸೇರಿವೆ. ಬಾಬಲಾವೊ ಎಂಬ ಪುರೋಹಿತನು ಬಿದ್ದ ಸಂಕೇತಕ್ಕೆ ತಕ್ಕ ಪದ್ಯಗಳನ್ನು ಹೇಳುತ್ತ ಹೋಗುತ್ತಾನೆ, ತನ್ನ ಸಂಕಟಕ್ಕೆ ಹೊಂದುವ ಕಥೆಯನ್ನು ಗುರುತಿಸುವವನು ಕೇಳಲು ಬಂದವನೇ. ಅಲ್ಲಿ ಕಥೆಗಳು ಅಪಾರ, ಇಲ್ಲಿ ನುಡಿ ಒಂದೇ ಒಂದು. ಆದರೂ ಎರಡು ಕಡೆಯೂ ದೈವದ ಮಾತು ಕೇಳುಗನ ಬಾಳಿನೊಳಗೆ ಬಂದು ಪೂರ್ಣವಾಗುತ್ತದೆ. ಯೊರುಬಾ ಜನರಲ್ಲಿ ಹದಿನಾರು ಕವಡೆಗಳನ್ನು ಎಸೆದು ದೈವವನ್ನು ಕೇಳುವ ಇನ್ನೊಂದು ಕ್ರಮವೂ ಇದೆ.

ಕವಡೆಯ ಮಾತು ಬಂದಾಗ ಗೊರವನ ಕೊರಳನ್ನು ನೋಡಬೇಕು. ಕರಿಯ ಕಂಬಳಿ, ಕೈಯಲ್ಲಿ ಡಮರುಗ, ಭಂಡಾರದ ಅಂದರೆ ಅರಿಸಿನ ಪುಡಿಯ ಚೀಲ, ದೋಣಿ ಎಂಬ ಭಿಕ್ಷಾಪಾತ್ರೆ ಇವುಗಳ ನಡುವೆ ಕವಡೆಯ ಸರ ಬೆಳ್ಳಗೆ ಹೊಳೆಯುತ್ತಿರುತ್ತದೆ. ತುಂಗಭದ್ರೆಯಲ್ಲಿ ಇಂಥ ಕವಡೆ ಹುಟ್ಟುವುದಿಲ್ಲ. ಹಣವಾಗಿ ಚಲಾವಣೆಯಲ್ಲಿದ್ದ ಸಣ್ಣ ಬಿಳಿಗವಡೆಗಳ ದೊಡ್ಡ ಆಕರ ಹಿಂದೂ ಮಹಾಸಾಗರದ ಮಾಲ್ಡೀವ್ಸ್ ದ್ವೀಪಗಳು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಕವಡೆಯನ್ನು ಮಾಲ್ಡೀವ್ಸಿನಲ್ಲಿಯೂ ಕಂಡನು, ಪಶ್ಚಿಮ ಆಫ್ರಿಕಾದ ಮಾಲಿ ರಾಜ್ಯದಲ್ಲಿ ಅದು ಹಣವಾಗಿ ಓಡುವುದನ್ನೂ ಕಂಡನು. ಮುಂದಿನ ಶತಮಾನಗಳಲ್ಲಿ ಯೂರೋಪಿನ ಹಡಗುಗಳು ಇದೇ ಕವಡೆಯನ್ನು ಮೂಟೆಗಟ್ಟಲೆ ಪಶ್ಚಿಮ ಆಫ್ರಿಕಾಕ್ಕೆ ಒಯ್ದು ಮನುಷ್ಯರನ್ನು ಕೊಂಡವು. ಒಂದು ದಡದಲ್ಲಿ ದೇವರ ಒಕ್ಕಲಿನ ಆಭರಣವಾದ ಚಿಪ್ಪು ಇನ್ನೊಂದು ದಡದಲ್ಲಿ ಗುಲಾಮನ ಬೆಲೆಯಾಯಿತು. ಈ ಸಂಗತಿ ಗೊತ್ತಾದ ಮೇಲೆ ಆ ಸರವನ್ನು ಮೊದಲಿನ ಕಣ್ಣಿನಿಂದ ನೋಡುವುದು ಕಷ್ಟ.

ಧಾನ್ಯ ಮತ್ತು ಕವಡೆಗಳ ಪಯಣದ ಜೊತೆಗೆ ಮನುಷ್ಯರ ಪಯಣವನ್ನೂ ಹೇಳಬೇಕಾದದ್ದು ಇಲ್ಲಿಯೇ. ಇಟ್ಟಿಗಿಗೆ ಪಶ್ಚಿಮದಲ್ಲಿ, ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಕಡೆ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನ ಬಾಳುತ್ತಿದ್ದಾರೆ. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದ ಆಫ್ರಿಕನ್ನರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ, ಬಿಡುಗಡೆಗೊಂಡವರ ವಂಶಸ್ಥರು ಇವರಲ್ಲಿ ಬಹುಪಾಲು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಧರ್ಮಗಳಲ್ಲಿ ಹಂಚಿಹೋದರೂ ಹಿರಿಯರ ಪೂಜೆ, ದಮಾಮಿ ಎಂಬ ವಾದ್ಯದ ಬಡಿತ, ಕುಣಿತಗಳು ಇವರನ್ನು ಒಂದು ಜನವಾಗಿ ಹಿಡಿದಿಟ್ಟಿವೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಇವರ ತಾಯಿನುಡಿಗಳು ಅಳಿದವು, ಯಾವ ಊರಿನಿಂದ ತಂದರೆಂಬುದರ ನೆನಪು ಅಳಿಯಿತು. ಮನೆಯ ಒಂದು ಮೂಲೆಯಲ್ಲಿ ತೆಂಗಿನಕಾಯಿಯನ್ನೇ ಹಿರಿಯರೆಂದು ನೆಲೆಗೊಳಿಸಿ ಎಡೆಯಿಡುವ ಪದ್ಧತಿ ಅಳಿಯಲಿಲ್ಲ. ತೆಂಗಿನಕಾಯಿ ಈ ನೆಲದ್ದು, ಪೂಜೆಯ ಬಾಹ್ಯಕ್ರಮವೂ ನೆರೆಯವರದೇ. ಆದರೆ ಸತ್ತವರು ಮನೆಯಲ್ಲೇ ಇದ್ದಾರೆ, ಉಂಡರೆ ಅವರೂ ಉಣ್ಣಬೇಕು ಎಂಬ ನಂಬಿಕೆಯ ಬಲಕ್ಕೆ ಆಫ್ರಿಕಾದ ಬೇರೂ ಇದೆಯೆಂದು ತೋರುತ್ತದೆ. ಕೀನ್ಯಾದ ತತ್ತ್ವಜ್ಞ ಜಾನ್ ಎಂಬಿಟಿ 1969ರ ತಮ್ಮ ಗ್ರಂಥದಲ್ಲಿ ಇಂಥ ಹಿರಿಯರನ್ನು ಜೀವಂತ ಮೃತರು ಎಂಬ ಅರ್ಥದ ಹೆಸರಿನಿಂದ ಕರೆದರು. ಹೆಸರು ಹಿಡಿದು ನೆನೆಯುವ ಒಬ್ಬ ಮನುಷ್ಯ ಉಳಿದಿರುವ ತನಕ ಸತ್ತವನು ಪೂರ್ತಿ ಸತ್ತಿಲ್ಲವೆಂಬುದು ಅವರ ವಿವರಣೆಯ ತಿರುಳು.

ಇಲ್ಲಿ ಒಂದು ಅನ್ಯಾಯವನ್ನು ನೇರವಾಗಿ ಹೇಳಲೇಬೇಕು. ಆಫ್ರಿಕಾದಿಂದ ಬಂದ ಜೋಳಕ್ಕೆ ಪೂರ್ವಾಶ್ರಯವಿಲ್ಲ, ಅದು ಪ್ರಸಾದವಾಗಿದೆ, ಕೊಟ್ಟೂರಿನ ದಾಸೋಹದಲ್ಲಿ, ಉಜ್ಜಿನಿಯ ಜಾತ್ರೆಯ ಬುತ್ತಿಯಲ್ಲಿ ಅದನ್ನು ಯಾರೂ ಪರದೇಶಿ ಎನ್ನುವುದಿಲ್ಲ. ಅದೇ ಖಂಡದಿಂದ ಬಂದ ಮನುಷ್ಯನ ಮೊಮ್ಮಗನ ಮರಿಮೊಮ್ಮಗನಿಗೆ, ಕನ್ನಡದಲ್ಲೇ ಮಾತಾಡಿ ಕನ್ನಡದಲ್ಲೇ ಹಾಡಿದರೂ, ಬಸ್ಸಿನಲ್ಲಿ ಪೇಟೆಯಲ್ಲಿ ಇಂದಿಗೂ ಯಾವ ದೇಶ ಎಂಬ ಪ್ರಶ್ನೆ ಎದುರಾಗುತ್ತದೆ. ಪೂರ್ವಾಶ್ರಯವನ್ನು ಕೇಳಬಾರದೆಂಬ ನಿಯಮ ಹುಟ್ಟಿದ್ದು ಮನುಷ್ಯನಿಗಾಗಿ. ಅದರ ಪೂರ್ಣ ಲಾಭವನ್ನು ಪಡೆದದ್ದು ಧಾನ್ಯ. ಕೊಟ್ಟವರನ್ನು ಮರೆಯಬಾರದೆಂಬ ನಿಯಮ ಹುಟ್ಟಿದ್ದು ಧಾನ್ಯದಿಂದ; ಅದು ಒಡೆಯನ ಋಣಕ್ಕೆ ಸೀಮಿತವಾಗಿ, ಬೀಜವನ್ನು ಪಳಗಿಸಿದ ಜನರವರೆಗೆ ತಲುಪಲೇ ಇಲ್ಲ. ಎರಡು ಉತ್ತಮ ನಿಯಮಗಳೂ ತಲುಪಬೇಕಾದ ಕಡೆ ತಲುಪದೆ ಉಳಿದಿವೆ.

ಹಾಗಾದರೆ ಧಾನ್ಯದ ಮೂಲವನ್ನು ಹೇಳುವುದರಿಂದ ಅದರ ಪ್ರಸಾದತ್ವಕ್ಕೆ ಕುಂದು ಬರುತ್ತದೆಯೇ ಎಂದು ಕೇಳಬಹುದು. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಭೃಗುವು ಅನ್ನವೇ ಬ್ರಹ್ಮವೆಂದು ಮೊದಲು ಅರಿತು, ಅಲ್ಲಿಂದ ಪ್ರಾಣ, ಮನಸ್ಸು, ವಿಜ್ಞಾನ, ಆನಂದಗಳಿಗೆ ಏರುತ್ತಾನೆ. ಮೇಲೇರಿದ ನಂತರವೂ ಅನ್ನವನ್ನು ನಿಂದಿಸಬಾರದು, ಅದನ್ನು ಹೆಚ್ಚಿಸಬೇಕು ಎಂಬ ವ್ರತಗಳು ಹಿಂದೆಯೇ ಬರುತ್ತವೆ. ಮೆಟ್ಟಿಲನ್ನು ದಾಟಿದವನು ಮೆಟ್ಟಿಲನ್ನು ಅಲ್ಲಗಳೆಯುವಂತಿಲ್ಲ. ಪ್ರಸಾದದ ವಿಷಯದಲ್ಲಿಯೂ ಇದು ಸಲ್ಲುತ್ತದೆ. ಶರಣರು ತಡೆದದ್ದು ಕೀಳುಮಾಡುವುದಕ್ಕಾಗಿ ಕೇಳುವ ಪ್ರಶ್ನೆಯನ್ನು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂದು ಹಿಂದಿನ ಕಸುಬು ಕುಲಗಳನ್ನು ಹೆಸರಿನಲ್ಲೇ ಉಳಿಸಿ, ಅವರನ್ನು ತಮ್ಮ ಹಿರಿಯರೆಂದು ಕೊಂಡಾಡಿದವರೂ ಅವರೇ. ಕೊಂಡಾಡುವುದಕ್ಕಾಗಿ ಹೇಳಿದ ಮೂಲ ಪೂರ್ವಾಶ್ರಯದ ಕಳಂಕವಲ್ಲ, ಅದು ಹಿರಿಯರ ನೆನಪು.

ಈ ಸೀಮೆಯ ಕಣದಲ್ಲಿ, ಅಂದರೆ ತೆನೆ ಒಕ್ಕುವ ಬಯಲಿನಲ್ಲಿ, ಜೋಳದ ರಾಶಿಯನ್ನು ಅಳೆಯುವವನು ಮೊದಲ ಅಳತೆಯನ್ನು ಒಂದು ಎಂದು ಎಣಿಸದೆ ಲಾಭ ಎನ್ನುತ್ತಾನೆ. ರಾಶಿಪೂಜೆಯಾಗುವ ತನಕ ಬರಿಯ ಮಾತುಗಳನ್ನಾಡಬಾರದೆಂಬ ಕಟ್ಟೂ ಇದೆ. ಸೀಗಿಹುಣ್ಣಿಮೆಯಲ್ಲಿ ಹೊಲಕ್ಕೆ ಬುತ್ತಿ ಹೊತ್ತು ಹೋಗಿ, ಸಜ್ಜೆರೊಟ್ಟಿ, ಪುಂಡಿಪಲ್ಯ, ಕಡುಬು, ಹೋಳಿಗೆಗಳ ಎಡೆಯನ್ನು ಭೂಮಿತಾಯಿಗೆ ಇಟ್ಟು, ಒಂದಿಷ್ಟನ್ನು ಕಲಸಿ ಕೂಗುತ್ತ ಹೊಲದ ತುಂಬ ಎರಚುವುದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಎರಚಿದ ತುತ್ತು ಹಕ್ಕಿಗೋ, ಇರುವೆಗೋ, ಕಾಣದ ದೈವಕ್ಕೋ, ಯಾರಿಗೆ ಸೇರಿತೆಂದು ಚೆಲ್ಲಿದವನು ಹಿಂತಿರುಗಿ ನೋಡುವುದಿಲ್ಲ. ಹೆಸರಿಲ್ಲದ ಹಿರಿಯರಿಗೆ ಸಲ್ಲುವ ಜೋಳವಾಳಿ ಯಾವುದಾದರೂ ಇದ್ದರೆ ಅದು ಇದೇ ಎನ್ನಲು ಅಡ್ಡಿಯಿಲ್ಲ. ಈಗ ಹಡಗಲಿ, ಹರಪನಹಳ್ಳಿಗಳ ಹೊಲಗಳಲ್ಲಿ ಮೆಕ್ಕೆಜೋಳ ಹೆಚ್ಚಾಗಿದೆ. ಅಮೆರಿಕ ಖಂಡದಿಂದ ಬಂದ ಆ ಬೆಳೆ ಕಣದಿಂದ ನೇರವಾಗಿ ಮಾರುಕಟ್ಟೆಗೂ ಕೋಳಿಯ ಆಹಾರಕ್ಕೂ ಹೋಗುತ್ತದೆ, ತಟ್ಟೆಗೆ ಬರುವುದು ಕಡಿಮೆ. ಅದಕ್ಕೂ ಒಂದು ಪುರಾಣ ಮುಂದೆ ಹುಟ್ಟೀತು. ಬರಿಯ ಮಾರಾಟದಿಂದ ಅದು ಹುಟ್ಟಲಾರದು, ಬಡಿಸುವ ಕೈ ಬೇಕು.

ದೀಪಾವಳಿಯ ಪಾಡ್ಯದಂದು ಬಯಲುಸೀಮೆಯ ಹೆಣ್ಣುಮಕ್ಕಳು ಸಗಣಿಯಿಂದ ಪುಟ್ಟ ಪುಟ್ಟ ಗೊಂಬೆಗಳನ್ನು ಮಾಡಿ, ಅವನ್ನು ಪಾಂಡವರೆಂದು ಕರೆದು, ಬಾಗಿಲ ಎರಡೂ ಬದಿಗೆ ಕೂರಿಸುತ್ತಾರೆ. ಬೆರಳಿನಿಂದ ಒತ್ತಿ ನಿಲ್ಲಿಸಿದ ಹಸಿಸಗಣಿಯ ನೆತ್ತಿಯ ಮೇಲೆ ಉತ್ತರಾಣಿಯ ಕಡ್ಡಿ, ಹೊಲದಿಂದ ತಂದ ಜೋಳದ ತೆನೆ, ಅದರ ಪಕ್ಕದಲ್ಲಿ ಆ ಹೊತ್ತಿಗೆ ಅಕ್ಕಡಿಸಾಲಿನಲ್ಲಿ ಅರಳಿ ನಿಂತಿರುವ ಗುರೆಳ್ಳಿನ ಹಳದಿ ಹೂವು. ಅದೇ ಹೂವು ಆ ವೇಳೆಗೆ ಇಥಿಯೋಪಿಯಾದ ಎತ್ತರದ ಹೊಲಗಳನ್ನೂ ಹಳದಿಯಾಗಿಸಿರುತ್ತದೆ. ಹೊಸ್ತಿಲ ಬಳಿಯ ಧರ್ಮರಾಯನು ಅದನ್ನು ಕಿರೀಟವಾಗಿ ಧರಿಸಿ ಸಂಜೆಯವರೆಗೆ ಕುಳಿತಿರುತ್ತಾನೆ.